ಮೆಕ್ಕೆಜೋಳಕ್ಕೆ ಮುನ್ನ: ಬೇಗ ಉಳುವುದೋ, ತಡವಾಗಿ ಉಳುವುದೋ, ಉಳುಮೆಯೇ ಬೇಡವೋ?

ಒಂದೇ ಹೊಲ, ಒಂದೇ ತಳಿ, ಒಂದೇ ದಿನದ ಬಿತ್ತನೆ. ಹಿಂದಿನ ಬೆಳೆಯೂ ಮೆಕ್ಕೆಜೋಳವೇ ಆದ್ದರಿಂದ ಮೂರೂ ಪಟ್ಟಿಗಳಲ್ಲಿ ದಂಟು, ಕೂಳೆ, ರವದಿ (ಒಣಗಿದ ಎಲೆಯ ಕಸ) ಧಾರಾಳವಾಗಿತ್ತು. ಮೊದಲ ಪಟ್ಟಿಯನ್ನು ಕೊಯ್ಲಿನ ಬೆನ್ನಿಗೇ ಉಳುಮೆ ಮಾಡಿದೆ. ಎರಡನೆಯದಕ್ಕೆ ಬಿತ್ತನೆ ಹತ್ತಿರ ಬಂದಾಗ ಮಣ್ಣನ್ನು ಪುಡಿ ಮಾಡುವ ರೋಟವೇಟರ್ ಹೊಡೆದೆ. ಮೂರನೆಯದರಲ್ಲಿ ಉಳುಮೆಯಿಲ್ಲದೆ, ಸಾಲಿನ ಜಾಗದ ರವದಿಯನ್ನಷ್ಟೇ ಸರಿಸಿ ಬಿತ್ತಿದೆ. ಸುಡುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ದಂಟಿನ ಸಾರಜನಕವೆಲ್ಲ ಹೊಗೆಯಾಗಿ ಹೋಗುವ ಆ ದಾರಿಯ ಬಗ್ಗೆ ನನಗೆ ಚರ್ಚೆಯೂ ಬೇಡ.

ಬಿತ್ತುವ ದಿನ ಕಣ್ಣಿಗೆ ಹಬ್ಬವೆನಿಸಿದ್ದು ಎರಡನೆಯ ಪಟ್ಟಿ: ಹಿಟ್ಟಿನಂಥ ಮಣ್ಣು, ಹೆಂಟೆಯ ಸುಳಿವಿಲ್ಲ. ಆ ಚೆಂದವೆಲ್ಲ ಮೊದಲ ಬಿರುಮಳೆಯ ತನಕ. ಮೇಲ್ಪದರ ಗಟ್ಟಿಯಾಗಿ ಮೊಳಕೆ ಮೇಲೇಳಲು ತಿಣುಕಿತು. ಎದ್ದ ಸಸಿಗಳೂ ತಿಳಿಹಳದಿ. ಮೆಕ್ಕೆಜೋಳದ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 60 ಪಾಲು ಇಂಗಾಲವಿರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಗ್ಗುವುದು 24ರ ಆಸುಪಾಸು. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ದಂಟನ್ನು ನುಣ್ಣಗೆ ಕತ್ತರಿಸಿ ಬೆರೆಸಿದಷ್ಟೂ ಈ ಎಳೆದಾಟ ಜೋರು, ಅದೂ ಎಳೆ ಸಸಿಗೆ ಹಸಿವಾಗುವ ಹೊತ್ತಿಗೆ.

ಮೊದಲ ಪಟ್ಟಿಯಲ್ಲಿಯೂ ನಡೆದದ್ದು ಇದೇ; ಆದರೆ ಬಿತ್ತನೆಯ ವೇಳೆಗೆ ಬಹುಪಾಲು ಮುಗಿದಿತ್ತು. ಹೆಂಟೆಗಳು ಬಿಸಿಲು ಮಳೆಗೆ ತಾವೇ ಒಡೆದಿದ್ದವು. ಒಂದು ಮಾತು: ನಡುವೆ ಮಣ್ಣಿನಲ್ಲಿ ತೇವವೂ ಬಿಸುಪೂ ಇಲ್ಲದಿದ್ದರೆ ಹೂತ ದಂಟು ಹಾಗೆಯೇ ಉಳಿಯುತ್ತದೆ, ಬೇಗ ಉತ್ತ ಲಾಭವೇ ಇಲ್ಲ. ಇಳಿಜಾರಿನಲ್ಲಿ ಬರಿಮೈ ಮಣ್ಣು ಕೊಚ್ಚಿಹೋಗುವುದು ಇನ್ನೊಂದು ನಷ್ಟ.

ಬೇಗವೋ ತಡವೋ, ಹದ ನೋಡದೆ ನೇಗಿಲು ಇಳಿಸಬಾರದು. ಉಳುವ ಆಳದಿಂದ ಹಿಡಿಮಣ್ಣು ತೆಗೆದು ಹಿಸುಕಿದಾಗ ಉಂಡೆಯಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಉಂಡೆ ಒಡೆಯದೆ ಮೆತ್ತಿಕೊಂಡರೆ ಮಣ್ಣು ಇನ್ನೂ ಹಸಿ. ಆಗ ಉತ್ತರೆ ನೇಗಿಲಿನ ಅಡಿಯಲ್ಲಿ ಗಟ್ಟಿ ಪದರ ಕೂತು, ಬೇರು ಇಳಿಯಲಾರದೆ ಅಡ್ಡಕ್ಕೆ ತಿರುಗುತ್ತದೆ.

ಮೂರನೆಯ ಪಟ್ಟಿ ನೋಡಲು ಅಧ್ವಾನ. ಮೊಳಕೆಯೂ ನಿಧಾನ, ಏಕೆಂದರೆ ರವದಿಯ ಕೆಳಗಿನ ಮಣ್ಣು ತಣ್ಣಗಿರುತ್ತದೆ. ಬೀಜದ ಆಳದಲ್ಲಿ ಕನಿಷ್ಠ 10 ಡಿಗ್ರಿ ಸೆಲ್ಸಿಯಸ್ ಇರದೆ ಮೆಕ್ಕೆಜೋಳ ಮೊಳೆಯದು. ಬೆಳಗಿನ ಇಬ್ಬನಿಗೆ ನೆನೆದ ರವದಿ ತುಂಡಾಗದೆ ಮಡಿಚಿಕೊಂಡು ಬೀಜದ ಸಾಲಿಗೇ ತುರುಕಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಬಿತ್ತುವುದು ಮೇಲು. ಮಳೆ ಕೈಕೊಟ್ಟಾಗ ಮಾತ್ರ ಲೆಕ್ಕ ಬದಲಾಯಿತು: ಉಳಿದೆರಡು ಪಟ್ಟಿಗಳಲ್ಲಿ ಎಲೆ ಸುರುಳಿ ಸುತ್ತುತ್ತಿದ್ದಾಗ ಇಲ್ಲಿ ಬೆಳೆ ಹಸನಾಗಿತ್ತು.

ಇಳಿಜಾರಿಗೆ, ಮಳೆ ನಂಬಲಾಗದ ನೆಲಕ್ಕೆ ನನ್ನ ಆಯ್ಕೆ ಮೂರನೆಯದು. ಹಿಂದಿನ ಬೆಳೆಗೆ ಎಲೆ ಅಂಗಮಾರಿ ಬಂದಿದ್ದರೆ ಮೊದಲನೆಯದು, ಏಕೆಂದರೆ ಆ ಶಿಲೀಂಧ್ರ ಬದುಕುಳಿಯುವುದು ಮೇಲೆ ಬಿದ್ದ ರವದಿಯಲ್ಲೇ. ಎರಡನೆಯದೇ ಗತಿಯಾದರೆ ರೋಟವೇಟರ್ ಒಂದೇ ಸಲ, ಮೇಲುಮೇಲಕ್ಕೆ. ಜೊತೆಗೆ ಬೀಜದಿಂದ ಎರಡು ಇಂಚು ಪಕ್ಕಕ್ಕೆ, ಎರಡು ಇಂಚು ಕೆಳಕ್ಕೆ ಒಂದಿಷ್ಟು ಸಾರಜನಕ ಗೊಬ್ಬರ.