ಬ್ಯಾರೆಲ್ ಎಳೆಯೋದಾ, ಬೆರಳು ಬದಲಿಸೋದಾ?

ಡಿಸೆಂಬರ್ ಬೆಳಿಗ್ಗೆ ಆರೂವರೆಗೆ ಮಲ್ಲೇಶ್ವರದ ನಮ್ಮ ಮನೆಯಲ್ಲಿ ಕ್ಲಾರಿನೆಟ್ ಕೈಗೆತ್ತಿಕೊಂಡರೆ ಮಂಜುಗಡ್ಡೆ ಹಿಡಿದ ಹಾಗೆ. ಶ್ರುತಿ ಕೆಳಗಿರುತ್ತದೆ, ಊದುತ್ತಾ ಬಿಸಿಯಾದ ಮೇಲೆ ಏರುತ್ತದೆ. ಅದು ಸರಿ. ನನ್ನ ತಲೆನೋವು ಬೇರೆ. ಬಿಸಿಯಾಗಿ ಉಳಿದದ್ದೆಲ್ಲ ಸರಿಹೋದ ಮೇಲೆ ನಡುವಿನ ಎ ಮತ್ತು ಬಿ ಫ್ಲಾಟ್ ಸ್ವರ ಎರಡು ಮಾತ್ರ ಮೇಲೆ ಹೋಗಿ ಕೂರುತ್ತವೆ. (ಬಿ ಫ್ಲಾಟ್ ಕ್ಲಾರಿನೆಟ್ ಅಲ್ವಾ, ನಾನು ಬಿ ಫ್ಲಾಟ್ ಅಂದರೆ ಕೀಬೋರ್ಡಿನಲ್ಲಿ ಅದು ಎ ಫ್ಲಾಟ್.) ಭಾನುವಾರದ ಪ್ರಾಕ್ಟೀಸಿನಲ್ಲಿ ಕೀಬೋರ್ಡ್ ಅಂಕಲ್, "ಏನಪ್ಪಾ, ಆ ಸ್ವರ ಬಂದಾಗಲೆಲ್ಲ ಹಲ್ಲು ಜುಮ್ ಅನ್ನುತ್ತೆ" ಅಂದರು. ಆಮೇಲೆ ಮೂರು ವಾರ ಫೋನಿನ ಟ್ಯೂನರ್ ಎದುರಿಗಿಟ್ಟುಕೊಂಡು ಕೂತೆ.

ಮೊದಲು ಬ್ಯಾರೆಲ್ (ಊದುವ ಭಾಗದ ಕೆಳಗಿನ ಗಿಡ್ಡ ತುಂಡು) ಹೊರಕ್ಕೆ ಎಳೆದೆ, ಸುಮಾರು 2 ಮಿಮೀ. ಬಿ ಫ್ಲಾಟ್ ಇಳಿಯಿತು, ಆದರೆ ಸರಿಯಾಗಿದ್ದ ಮೇಲಿನ ಸಿ ಕೂಡ ಇಳಿದುಹೋಯಿತು. ಈ ಸ್ವರಗಳಿಗೆಲ್ಲ ಕೊಳವೆಯ ಮೇಲಿನ ಗಿಡ್ಡ ಭಾಗವೇ ಮುಖ್ಯ, ಅದಕ್ಕೆ 2 ಮಿಮೀ ಸೇರಿದರೆ ದೊಡ್ಡ ವ್ಯತ್ಯಾಸ, ಕೆಳಗಿನ ಇ ಗೆ ಅಷ್ಟಾಗಿ ತಟ್ಟುವುದಿಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ದ ಕಥೆ.

ಎರಡನೆಯದು ಪಕ್ಕದ ಕೀ. ಮಾಮೂಲಿ ಬಿ ಫ್ಲಾಟ್‌ಗೆ ಎ ಸ್ವರದ ಕೀ ಜೊತೆ ರಿಜಿಸ್ಟರ್ ಕೀ (ಸ್ವರವನ್ನು ಮೇಲಿನ ಸ್ಥಾಯಿಗೆ ಹಾರಿಸುವ ಕೀ) ಒತ್ತುತ್ತೇವೆ. ಅದು ತೆರೆಯುವ ಪುಟ್ಟ ತೂತು ಸ್ವರ ಹಾರಿಸುವ ಕೆಲಸವನ್ನೂ ಮಾಡಬೇಕು, ಬಿ ಫ್ಲಾಟ್ ಕೊಡುವ ಕೆಲಸವನ್ನೂ ಮಾಡಬೇಕು, ಹಾಗಾಗಿ ಈ ಸ್ವರ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಅದರ ಬದಲು ಎ ಕೀ ಜೊತೆ ಬಲಗಡೆಯ ಪಕ್ಕದ ಕೀಗಳಲ್ಲಿ ಮೇಲಿನಿಂದ ಎರಡನೆಯದನ್ನು ಒತ್ತಿ ನೋಡಿ. ಅಬ್ಬಾ, ಬೇರೆ ವಾದ್ಯವೇ ಅನ್ನಿಸಿತು. ತೊಂದರೆ ಏನೆಂದರೆ ಬಲಗೈ ತೋರುಬೆರಳು ಜಾಗ ಬಿಟ್ಟು ಹೋಗಬೇಕು, ಮುಂದಿನ ಸ್ವರ ಬಿ ಆದರೆ ಎಲ್ಲ ತೂತು ಮುಚ್ಚಲು ಅದು ಓಡಿ ಬರಬೇಕು, ನನ್ನದು ಹತ್ತಕ್ಕೆ ಆರು ಸಲ ಕಿರ್ ಅಂದಿತು.

ಮೂರನೆಯದು ಮಾಮೂಲಿ ಫಿಂಗರಿಂಗ್ (ಬೆರಳಿಡುವ ಕ್ರಮ) ಇಟ್ಟುಕೊಂಡೇ ಎಡಗೈಯ ಉಂಗುರ ಬೆರಳು, ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳು ಸುಮ್ನೆ ಕೆಳಗಿಡುವುದು. ನನ್ನ ಟ್ಯೂನರಿನಲ್ಲಿ ಎ 15 ಸೆಂಟ್ಸ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಮೇಲಿದ್ದದ್ದು 3ಕ್ಕೆ ಬಂತು, ದನಿಯೂ ತುಂಬಿಕೊಂಡಿತು. ಬಿ ಗೆ ಹಾರುವಾಗ ಬೆರಳು ಆಗಲೇ ತೂತಿನ ಮೇಲಿರುವುದು ಬೋನಸ್. ನನ್ನ ಓಟು ಇದಕ್ಕೇ. ಉದ್ದಕ್ಕೆ ನಿಲ್ಲುವ ಬಿ ಫ್ಲಾಟ್‌ಗೆ, ಅದರಲ್ಲೂ ಸಣ್ಣ ದನಿಯಲ್ಲಿ ಮೆಲ್ಲಗೆ ಊದುವಾಗ, ಪಕ್ಕದ ಕೀ ಬಳಸುತ್ತೇನೆ, ಯಾಕೆಂದರೆ ಕ್ಲಾರಿನೆಟ್ ಮೆಲ್ಲಗಾದಷ್ಟೂ ಶ್ರುತಿ ಏರುತ್ತದೆ, ಕೊಳಲಿಗೆ ಉಲ್ಟಾ. ಓಡುವ ಸಾಲುಗಳಲ್ಲಿ ಯಾವುದೂ ಬೇಡ, ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಮಾತು. ಇದೇ ಬೆರಳುಗಳನ್ನು ಗೆಳೆಯನ ಪ್ಲಾಸ್ಟಿಕ್ ಕ್ಲಾರಿನೆಟ್ಟಿನಲ್ಲಿ ಇಟ್ಟರೆ ಎ ಸ್ವರ ಬೇಕಾದ್ದಕ್ಕಿಂತ ಕೆಳಗೇ ಹೋಯಿತು. ಅವನಿಗೆ ಎಡಗೈ ಉಂಗುರ ಬೆರಳೊಂದೇ ಸಾಕಾಯಿತು.