ಹೆಣ್ಣು ಗಿನಿಪಿಗ್‌ಗಳ ಜೊತೆ ಗಂಡು ಬಿಡುವ ಮುಂಚೆ ಇದನ್ನು ಓದಿ

"ಇನ್ನೂ ಮರಿ ಅಕ್ಕಾ, ಆರು ತಿಂಗಳು ಏನೂ ಆಗಲ್ಲ, ಧೈರ್ಯವಾಗಿ ಜೊತೆಗೆ ಬಿಡಿ" ಅಂತ ಹೇಳಿ ಯಾರಾದರೂ ಗಂಡು ಗಿನಿಪಿಗ್ ಕೊಟ್ಟರೆ ದಯವಿಟ್ಟು ನಂಬಬೇಡಿ. ಹಾಸನದ ಒಂದು ಪೆಟ್ ಅಂಗಡಿಯಲ್ಲಿ ನಮಗೆ ಹೇಳಿದ್ದು ಇದೇ ಮಾತು. ಗಂಡು ಮರಿ ಮೂರ್ನಾಲ್ಕು ವಾರಕ್ಕೇ ಹೆಣ್ಣನ್ನು ಗಬ್ಬ ಮಾಡಬಲ್ಲದು. ಮಾರುವವರಿಗೆ ಇಷ್ಟೂ ಗೊತ್ತಿರಲ್ವಾ?

ಮನೆಯಲ್ಲಿ ಆಗಲೇ ಮೂರು ಹೆಣ್ಣು ಇದ್ದವು. ದೊಡ್ಡವಳು ಗೌರಿ, ವರ್ಷ ದಾಟಿತ್ತು, ಒಮ್ಮೆಯೂ ಮರಿ ಹಾಕಿರಲಿಲ್ಲ. ಗಂಡನ್ನು ಬಿಟ್ಟ ಕೂಡಲೇ ಅದು ಸೊಂಟ ಆಡಿಸುತ್ತಾ, ವೈಬ್ರೇಟ್ ಆಗುವ ಮೊಬೈಲ್ ಥರ ಗುರ್ ಅನ್ನುತ್ತಾ ಸುತ್ತು ಹಾಕಿತು. ಗೌರಿ ಹಿಂದೆ ತಿರುಗಿ ನೇರವಾಗಿ ಅದರ ಮುಖಕ್ಕೇ ಉಚ್ಚೆ ಚಿಮ್ಮಿಸಿದಳು. ಮಗಳು ಬಿದ್ದು ಬಿದ್ದು ನಕ್ಕಳು. ಸಂಜೆಯ ಹೊತ್ತಿಗೆ ನಾಲ್ಕೂ ಒಂದೇ ಗರಿಕೆ ರಾಶಿಗೆ ಬಾಯಿ ಹಾಕಿದ್ದವು. ಒಂದು ಗಂಡು, ಮೂರು ಹೆಣ್ಣು ಅಂದರೆ ಜಗಳ ಕಡಿಮೆ ನಿಜ. ಆದರೆ ಜಗಳ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ.

ಯಾಕೆ ಅಂತ ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಹೆಣ್ಣು ಗಿನಿಪಿಗ್ ಮೊದಲ ಸಲ ಮರಿ ಹಾಕುವುದು ಆರೇಳು ತಿಂಗಳ ವಯಸ್ಸಿನೊಳಗೆ ಆಗಬೇಕು. ಅದು ದಾಟಿದರೆ ಸೊಂಟದ ಮುಂದಿನ ಮೂಳೆಗಳ ಕೂಡು ಬಿಗಿದುಕೊಂಡುಬಿಡುತ್ತದೆ. ಹೆರಿಗೆ ಹೊತ್ತಿಗೆ ಹಿಗ್ಗಬೇಕಾದ ಜಾಗ ಹಿಗ್ಗುವುದಿಲ್ಲ. ಇದರ ಮರಿಗಳೋ, ಇಲಿ ಮರಿಯ ಹಾಗೆ ಬೋಳಾಗಿ ಹುಟ್ಟುವುದಿಲ್ಲ. ಮೈತುಂಬ ಕೂದಲು, ತೆರೆದ ಕಣ್ಣು, ಹಲ್ಲು ಸಮೇತ ದೊಡ್ಡದಾಗಿಯೇ ಬರುತ್ತವೆ.

ಗಬ್ಬ 59ರಿಂದ 72 ದಿನ. ಕೊತ್ತಂಬರಿ ಸೊಪ್ಪಿನ ಕವರ್ ಸದ್ದಾದರೆ ಕೂಗಿ ಮನೆ ಎಬ್ಬಿಸುತ್ತಿದ್ದ ಗೌರಿ, ಒಂದು ಬೆಳಿಗ್ಗೆ ಸೊಪ್ಪು ಮೂಗಿಗೆ ಹಿಡಿದರೂ ತಿರುಗಿ ನೋಡಲಿಲ್ಲ. ಕೂದಲು ಕೆದರಿಕೊಂಡು, ಮೂಲೆಯಲ್ಲಿ ಮುದುಡಿ ಕೂತು ತಿಣುಕುತ್ತಿದ್ದಳು. ಹಾಸಿದ ಬಟ್ಟೆಯ ಮೇಲೆ ರಕ್ತದ ಕಲೆ. ಆಪರೇಷನ್ ಮಾಡಿದರೂ ಉಳಿಯುವುದು ಕಷ್ಟ ಅಂತ ಡಾಕ್ಟರ್ ಮೊದಲೇ ಹೇಳಿದರು. ಅದಕ್ಕೆ ತಯಾರಿ ಮಾಡುವಷ್ಟರಲ್ಲೇ ಹೋದಳು. ಹೊಟ್ಟೆಯಲ್ಲಿ ಎರಡು ಮರಿ ಇದ್ದವು.

ಚಿಕ್ಕವಳು ಪುಟ್ಟಿ ಮೂರು ಮರಿ ಹಾಕಿ ಉಳಿದುಕೊಂಡಳು. ಆದರೆ ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಇವು ಮತ್ತೆ ಬೆದೆಗೆ ಬರುತ್ತವೆ. ಗಂಡು ಅದೇ ಗೂಡಿನಲ್ಲಿತ್ತು. ಬಾಣಂತಿ ಮೈ ಆರುವ ಮುಂಚೆಯೇ ಮತ್ತೆ ಗಬ್ಬ. ಮೂರನೆಯವಳು ಅದು ಹೇಗೋ ಪಾರಾದಳು.

ಇದರ ಮಧ್ಯೆ ಅಂಗಡಿಯಿಂದ ತುರಿ ಹುಳವೂ ಫ್ರೀಯಾಗಿ ಬಂದಿತ್ತು. ಎಲ್ಲವೂ ಕೆರೆದುಕೊಂಡು ಬೆನ್ನಿನ ಕೂದಲು ಉದುರಿಸಿಕೊಂಡವು, ಎಲ್ಲಕ್ಕೂ ಇಂಜೆಕ್ಷನ್. ಹೊಸದು ಗಂಡೋ ಹೆಣ್ಣೋ, ಎರಡು ಮೂರು ವಾರ ಬೇರೆ ಕೋಣೆಯಲ್ಲೇ ಇಡಿ. ನಮ್ಮ ಮಳೆಗಾಲದ ಥಂಡಿಗೆ ಶೀತ ಹಿಡಿದ ಮರಿ ಬಂದರಂತೂ ಎಲ್ಲಕ್ಕೂ ಅಂಟುತ್ತದೆ. ಆಗ ಮೆಡಿಕಲ್ ಶಾಪಿಗೆ ಓಡಿ ಅಮಾಕ್ಸಿಸಿಲಿನ್ ತಂದು ಕುಡಿಸಬೇಡಿ. ನಮಗೆ, ನಾಯಿಗೆ ಆಗುವ ಆ ಔಷಧ ಗಿನಿಪಿಗ್‌ನ ಕರುಳು ಕೆಡಿಸಿ ಕೊಂದೇಬಿಡುತ್ತದೆ.

ಹೆಣ್ಣುಗಳ ಜೊತೆ ಗಂಡು ಬೇಕೇ ಬೇಕು ಅಂದರೆ ಬೀಜ ತೆಗೆಸಿ. ತೆಗೆಸಿದ ಮಾರನೇ ದಿನವೇ ಬಿಡುವ ಹಾಗೂ ಇಲ್ಲ, ಇನ್ನೂ ನಾಲ್ಕರಿಂದ ಆರು ವಾರ ಅದರಿಂದ ಗಬ್ಬ ಆಗಬಹುದು. ಗಿನಿಪಿಗ್‌ಗೋ ಮೊಲಕ್ಕೋ ಈ ಆಪರೇಷನ್ ಮಾಡಿ ಅಭ್ಯಾಸ ಇದೆಯಾ ಅಂತ ಡಾಕ್ಟರನ್ನು ಮೊದಲೇ ಕೇಳಿ, ಸಂಕೋಚ ಬೇಡ. ಹಸು, ನಾಯಿ ನೋಡುವವರೆಲ್ಲ ಇದನ್ನು ಮಾಡಿರುವುದಿಲ್ಲ. ಅಂಗಡಿಯವರು "ಹೆಣ್ಣು" ಅಂದರೂ ಡಾಕ್ಟರ್ ಹತ್ತಿರ ಒಮ್ಮೆ ನೋಡಿಸಿ, ಮರಿಯಲ್ಲಿ ಗುರುತು ತಪ್ಪುವುದು ಜಾಸ್ತಿ.

ಈಗಾಗಲೇ ಮರಿ ಹುಟ್ಟಿದ್ದರೆ ಇಂದೇ ಗಂಡನ್ನು ಬೇರೆ ಗೂಡಿಗೆ ಹಾಕಿ. ಗಂಡು ಮರಿಗಳನ್ನು ಮೂರು ವಾರ ತುಂಬಿದ ದಿನವೇ ತಾಯಿಯಿಂದ ತೆಗೆಯಿರಿ. ತಡ ಮಾಡಿದರೆ ತಾಯಿಯನ್ನೂ ಬಿಡುವುದಿಲ್ಲ, ಜೊತೆಗೆ ಹುಟ್ಟಿದ ತಂಗಿಯರನ್ನೂ ಬಿಡುವುದಿಲ್ಲ. ಪುಟ್ಟಿಯ ಗಂಡು ಮರಿಯನ್ನು ಅಪ್ಪನ ಗೂಡಿಗೆ ಹಾಕಿದ್ದೇವೆ. ಹೆಣ್ಣಿನ ವಾಸನೆ ಹತ್ತಿರ ಇಲ್ಲದಿದ್ದರೆ ಅಪ್ಪ ಮಗ ಸಾಮಾನ್ಯವಾಗಿ ಹೊಂದಿಕೊಂಡು ಇರುತ್ತಾರೆ.