ಎಂಬಿಎನೋ, ತಾಂತ್ರಿಕ ಮಾಸ್ಟರ್ಸೋ: ಎರಡಕ್ಕೂ ದುಡ್ಡು ಕಟ್ಟಿದವನ ಮಾತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಾಂತ್ರಿಕ ಮಾಸ್ಟರ್ಸ್‌ಗೆ. ಎಂಬಿಎಗೆ ಎರಡು ಸೆಮಿಸ್ಟರ್ ಫೀಸು ಕಟ್ಟಿ ಅರ್ಧಕ್ಕೆ ಕೈಬಿಟ್ಟವನು ನಾನು. ಆ ಹೊಟ್ಟೆಯುರಿಯೂ ಇದರಲ್ಲಿ ಸೇರಿದೆ.

ಮೆಷಿನ್ ಡಿಸೈನ್‌ನಲ್ಲಿ ಎಂಟು ವರ್ಷವಾದರೂ ಬಡ್ತಿ ಇಲ್ಲ. ಎಲ್ಲರೂ ಎಂಬಿಎ ಮಾಡು ಅಂದರು, ಸೇರಿದೆ. ಪಾಠದ ಬಗ್ಗೆ ತಕರಾರಿಲ್ಲ. ಬ್ಯಾಲೆನ್ಸ್ ಶೀಟ್ ಓದಲು ಕಲಿತದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ಪ್ರಾಣ ತಿಂದದ್ದು ಗ್ರೂಪ್ ಅಸೈನ್‌ಮೆಂಟು. ಐದು ಜನ, ಐದು ಆಫೀಸು. ಎಲ್ಲರಿಗೂ ಬಿಡುವಾಗುವುದು ರಾತ್ರಿ ಹತ್ತರ ಮೇಲೆ. ನಾನೋ ಒಂಬತ್ತೂವರೆಗೆ ಮಲಗಿ ಐದಕ್ಕೆ ಏಳುವವನು. ಒಬ್ಬ ಮೈಕ್ ಮ್ಯೂಟ್ ಮಾಡಿ ಮಾಯ, ಇನ್ನೊಬ್ಬನದು ಸ್ಲೈಡಿನ ಬಣ್ಣದ ಬಗ್ಗೆ ಮುಕ್ಕಾಲು ಗಂಟೆ ವಾದ.

ಒಂದು ಸಲ ಗಡುವಿಗೆ ಇಪ್ಪತ್ತು ನಿಮಿಷ ಇದೆ ಅನ್ನುವಾಗ ಫೈಲ್ ತೆರೆದರೆ, ಮೂರನೇ ಭಾಗದಲ್ಲಿ ‘ಇಲ್ಲಿ ಬರೆಯಬೇಕು’ ಅಂತ ಒಂದೇ ಸಾಲು! ನಾನೇ ಗೀಚಿ ಕಳಿಸಿದೆ. ಅಂಕ ಐವರಿಗೂ ಒಂದೇ. ತಂಡದ ಜೊತೆ ಏಗುವುದನ್ನು ಕಲಿಸುವುದೇ ಉದ್ದೇಶ ಅಂದರು ಮೇಷ್ಟ್ರು. ಅದನ್ನು ಆಫೀಸಿನಲ್ಲಿ ಸಂಬಳ ತಗೊಂಡೇ ಕಲಿಯುತ್ತಿದ್ದೆನಲ್ಲ.

ಆಮೇಲೆ ಹಿಡಿದದ್ದು ಪ್ರಬಂಧದ ಗೋಜಿಲ್ಲದ ಮಾಸ್ಟರ್ಸ್. ಹತ್ತು ವಿಷಯ, ವಿಷಯಕ್ಕಿಷ್ಟು ಅಂತ ಫೀಸು. ಕೈ ಬಿಗಿಯಿದ್ದ ಸೆಮಿಸ್ಟರ್‌ನಲ್ಲಿ ಸುಮ್ಮನಿರಬಹುದು. ಗಣಿತ ಪೂರ್ತಿ ಮರೆತಿತ್ತು, ಮ್ಯಾಟ್ರಿಕ್ಸ್‌ನಿಂದಲೇ ಮತ್ತೆ ಶುರು. ಆದರೆ ಬೆಳಗಿನ ಐದು ಗಂಟೆ ನನ್ನದೇ.

ನಮ್ಮಲ್ಲಿ ಒಂದು ಮೋಟರ್ ಬ್ರ್ಯಾಕೆಟ್ ಪದೇಪದೇ ಬಿರುಕು ಬಿಡುತ್ತಿತ್ತು. ಬಿಟ್ಟಾಗಲೆಲ್ಲ ತಗಡು ದಪ್ಪ ಮಾಡುತ್ತಿದ್ದೆವು, ಇನ್ನೂ ಬೇಗ ಬಿಡುತ್ತಿತ್ತು. ಕಂಪನದ ಪಾಠ ಅರ್ಧವಾಗುವ ಹೊತ್ತಿಗೆ ಕೂತು ಲೆಕ್ಕ ಹಾಕಿದೆ. ಮೋಟರ್ ನಿಮಿಷಕ್ಕೆ 1480 ಸುತ್ತು, ಅಂದರೆ ಸುಮಾರು 24.7 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸುತ್ತು). ಬ್ರ್ಯಾಕೆಟ್‌ನ ಸಹಜ ಆವರ್ತನ, ಅಂದರೆ ತಟ್ಟಿಬಿಟ್ಟರೆ ತಾನಾಗಿ ಅದುರುವ ವೇಗ, ಮೊದಲು 21ರ ಹತ್ತಿರ ಇತ್ತು. ದಪ್ಪ ಮಾಡಿ ಮಾಡಿ ನಾವೇ ಅದನ್ನು 24ಕ್ಕೆ ತಂದು ನಿಲ್ಲಿಸಿದ್ದೆವು. ಎರಡೂ ಹತ್ತಿರವಾದರೆ ಅದುರುವುದು ವಿಪರೀತ ಹೆಚ್ಚುತ್ತದೆ, ಬಿರುಕು ಅದಕ್ಕೇ. ಬುಡಕ್ಕೆ ಎರಡು ಗಸೆಟ್ (ಮೂಲೆಗೆ ಬಲ ಕೊಡುವ ತಗಡಿನ ತುಂಡು) ಬೆಸೆದು 38ಕ್ಕೆ ಏರಿಸಿದೆ. ಆಮೇಲೆ ಬಿರುಕಿಲ್ಲ.

ಆನ್‌ಲೈನ್ ಆದರೆ ಪದವಿ ಪತ್ರದಲ್ಲಿ ಏನು ಮುದ್ರಿಸುತ್ತಾರೆ ಅಂತ ಮೊದಲು ಕೇಳಿ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯ 2014ರಲ್ಲಿ ಶುರು ಮಾಡಿದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್‌ನ ಪತ್ರದಲ್ಲಿ ‘ಆನ್‌ಲೈನ್’ ಅನ್ನುವ ಪದವೇ ಇಲ್ಲ. ಎಲ್ಲ ಕಡೆ ಹಾಗಿರುವುದಿಲ್ಲ.

ಕೆಲಸ ಬಿಟ್ಟು ಪೂರ್ಣಾವಧಿ ಓದುವುದು ನನ್ನ ಜೇಬಿಗೆ ಆಗದ ಮಾತು. ಪಿಎಚ್‌ಡಿ ಸಂಶೋಧನೆಗೇ ಹೋಗುವವರಿಗೆ.

ನಿಮಗೆ ಯಂತ್ರಕ್ಕಿಂತ ಜನರನ್ನು ನಿಭಾಯಿಸುವುದು ಇಷ್ಟವಾ, ರಾತ್ರಿ ಹನ್ನೊಂದಕ್ಕೂ ತಲೆ ಓಡುತ್ತದಾ? ಎಂಬಿಎಗೇ ಹೋಗಿ, ಗ್ರೂಪಿನಲ್ಲಿ ನನ್ನಂಥವನು ಇದ್ದರೆ ಸ್ವಲ್ಪ ಬೇಗ ಮೀಟಿಂಗ್ ಇಡಿ.